ಅಲ್ಲಾಡುವ ಮಣಿ

ನಮ್ಮ ಗುರುಪಾದಜ್ಜಾರು ಮೊಬೈಲಿನಲ್ಲಿ ಮಣಿ ಆಟ ಆಡುತ್ತಿದ್ದರು. ಹೌದು, ಆಡುತ್ತಿದ್ದರು. ಅದರಲ್ಲಿ ಮುಚ್ಚಿಡೋದೇನಿದೆ?

ಮಲಪ್ರಭಾ ದಂಡೆಯ ನಮ್ಮ ಆಶ್ರಮಕ್ಕೆ ಬಂದವರಲ್ಲಿ ಕೆಲವರು ಅದನ್ನು ಕಂಡು ಮೂಗು ಮುರಿಯುತ್ತಿದ್ದರು. ಮುರಿಯಲಿ. ಆ ಆಟದಲ್ಲಿ ಅಜ್ಜಾರು ಮುಟ್ಟಿದ ಹಂತವನ್ನು ಸುತ್ತಲಿನ ಊರಿನ ಯಾವ ಕಾಲೇಜು ಹುಡುಗನೂ ಮುಟ್ಟಿರಲಿಲ್ಲ. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಬಾಳವ್ವ ಅವರ ಶಿಷ್ಯೆ. ಓದಿನಲ್ಲಿ, ಧ್ಯಾನದಲ್ಲಿ, ದುಡಿಮೆಯಲ್ಲಿ ನಮಗೆಲ್ಲರಿಗಿಂತ ಮುಂದು. ಕೊರತೆ ಒಂದೇ. ಬೇಳೆಗೆ ಉಪ್ಪು ಹಾಕಬೇಕಾದರೂ ಅಜ್ಜಾರನ್ನು ಕೇಳಿಬಂದು ಹಾಕುವವಳು.

ಹೊಳೆಯಾಚೆಯ ಊರಿನವರು ಒಂದು ಗುಡಿಸಲು ಕಟ್ಟಿ, ತಿಳಿಸಿ ಹೇಳುವವರೊಬ್ಬರನ್ನು ಕಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಬಾಳವ್ವ ಅಜ್ಜಾರ ಮುಂದೆ ಬಂದು ನಿಂತಳು.

“ನನ್ನ ಕಳಸ್ರಿ, ಅಜ್ಜಾರ.”

“ಅಲ್ಲಿ ಯಾರನ್ನ ಕೇಳ್ತಿ?”

ಅಜ್ಜಾರು ಮೊಬೈಲನ್ನು ಆಕೆಯ ಕೈಗಿಟ್ಟರು. “ಈ ಹಂತ ನೀ ದಾಟು. ದಾಟಿದ ದಿನ ನೀ ಹೊಂಟಿ. ದೀಪಾವಳಿ ತನಕ ನೋಡ್ತೀನಿ. ಇಲ್ಲಾಂದ್ರ ರಾಚಯ್ಯ ಹೋಗ್ತಾನ.”

ರಾಚಯ್ಯ ಅಂದರೆ ನಾನು.

ಆಟ ಸರಳ. ಪರದೆ ತುಂಬ ಬಣ್ಣಬಣ್ಣದ ಮಣಿ. ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಬೇಕು. ಒಂದೇ ಬಣ್ಣದ ಮೂರು ಸಾಲಿಗೆ ಬಂದರೆ ಅವು ಮಾಯವಾಗಿ ಮೇಲಿನವು ಕೆಳಗೆ ಬೀಳುತ್ತವೆ. ತಳದಲ್ಲಿ ಕಲ್ಲುಗಳಿರುತ್ತವೆ. ಪಕ್ಕದ ಮಣಿ ಮಾಯವಾದರೆ ಕಲ್ಲು ಒಡೆಯುತ್ತದೆ. ಕೊಟ್ಟಷ್ಟು ನಡೆಗಳಲ್ಲಿ ಎಲ್ಲ ಕಲ್ಲನ್ನೂ ಒಡೆದವರು ಗೆದ್ದರು.

ಬಾಳವ್ವ ಆಡಿದಳು. ಸೋತಳು. ಮತ್ತೆ ಆಡಿ ಮತ್ತೆ ಸೋತಳು.

“ಕಂಡಿದ್ದನ್ನೆಲ್ಲಾ ತಗದೇನ್ರಿ, ಅಜ್ಜಾರ. ಒಂದೂ ಬಿಟ್ಟಿಲ್ಲ.”

“ಅದಕ್ಕ ಸೋತಿ.”

“ಮತ್ತ ಮ್ಯಾಲಿಂದ ತಗೀಲೋ, ಕೆಳಗಿಂದ ತಗೀಲೋ?”

ಅಜ್ಜಾರು ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಒಲೆಗೆಂದು ಸಗಣಿಯ ಕುಳ್ಳು ಒಟ್ಟಿದ್ದೆ. ಮೇಲಿಂದ ಒಂದನ್ನು ಎತ್ತಿದರು. ಏನೂ ಆಗಲಿಲ್ಲ. ಬುಡದಿಂದ ಒಂದನ್ನು ಎಳೆದರು. ಅರ್ಧ ಒಟ್ಟು ದಡದಡ ಕುಸಿದು ಬಿತ್ತು.

ಬಾಳವ್ವ ಅದನ್ನೇ ನೋಡುತ್ತ ನಿಂತಳು. ಅಜ್ಜಾರು ಕೈ ಝಾಡಿಸಿಕೊಂಡು ಒಳಗೆ ಹೋದರು. ಮತ್ತೆ ಒಟ್ಟುವ ಕೆಲಸ ನನ್ನ ಪಾಲಿಗೆ ಬಂತು, ಅದು ಬಿಡಿ.

ಅಂದಿನಿಂದ ಬಾಳವ್ವ ತಳದಿಂದ ಆಡತೊಡಗಿದಳು. ಒಂದು ನಡೆಗೆ ಮೂರು ಸಾಲು ತಾವಾಗಿ ಬೀಳುತ್ತಿದ್ದವು. ಆದರೂ ಕಲ್ಲು ಉಳಿಯುತ್ತಿದ್ದವು.

“ಈಗೇನು ತಪ್ಪಾತ್ರಿ? ಸುಮ್ಮ ಕುಂತ್ರ ಆಟನ ಮಣಿ ಅಲ್ಲಾಡಿಸಿ ತೋರಸ್ತೈತಿ. ಅದು ತೋರಿಸಿದ್ದನ್ನ ತಗದೆ.”

“ಅದಕ್ಕ ನೀ ಗೆಲ್ಲೂದು ಬೇಕಾಗೇತೇನು?”

“ಮತ್ತ ಯಾಕ ತೋರಸ್ತೈತಿ?”

“ನೀ ಸುಮ್ಮ ಕುಂತಿದ್ದು ಅದಕ್ಕ ತಡಿಯೂದಿಲ್ಲ.”

ಬಾಳವ್ವ ಸುಮ್ಮನೆ ಕೂಡುವುದನ್ನು ಕಲಿತಳು. ಮಣಿಗಳು ಅಲ್ಲಾಡುತ್ತಿದ್ದವು, ಆಕೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇಡೀ ಪರದೆ ನೋಡುತ್ತಿದ್ದಳು. ನೋಡಿದವರಿಗೆ ಜಪಕ್ಕೆ ಕೂತಂತೆ ಕಾಣಬೇಕು.

ಒಂದು ಸಲ ಒಂದೇ ಕಲ್ಲು ಉಳಿದು ಸೋತಳು. ಆಟ ಕೊಟ್ಟಿದ್ದ ಸುತ್ತಿಗೆ ಹಾಗೇ ಇತ್ತು. ಅದರಿಂದ ಬೇಕಾದ ಕಲ್ಲನ್ನು ಒಂದೇ ಏಟಿಗೆ ಒಡೆಯಬಹುದಿತ್ತು.

“ಯಾಕ ಇಟ್ಟಿ?”

“ಮುಂದ ಬೇಕಾದೀತು ಅಂತ.”

“ಸೋತ ಮ್ಯಾಲ ಯಾವ ಮುಂದ?”

ದೀಪಾವಳಿ ಬಂದೇಬಿಟ್ಟಿತು. ಹೊಳೆಯಾಚೆಯವರು ಬೆಳಿಗ್ಗೆಯೇ ಹರಗೋಲು ತಂದು ದಂಡೆಯಲ್ಲಿ ಕಾದಿದ್ದರು. ಯಾರು ಬರುತ್ತಾರೆಂದು ಅವರಿಗೂ ಗೊತ್ತಿಲ್ಲ. ನನ್ನ ಹಾಸಿಗೆ ಸುತ್ತಿ ಇಟ್ಟಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಹೋಗುವ ಮನಸ್ಸಿರಲಿಲ್ಲ.

ಆಕೆ ಕಟ್ಟೆಯ ಮೇಲೆ ಕೂತು ಕೊನೆಯ ಆಟ ಆಡಿದಳು. ಸುತ್ತಿಗೆಯನ್ನು ಹೊತ್ತಿಗೆ ಸರಿಯಾಗಿ ಬಳಸಿದಳು. ಕಲ್ಲುಗಳು ಒಡೆಯುತ್ತ ಹೋದವು. ಕಡೆಗೆ ಉಳಿದದ್ದು ಎರಡು ಕಲ್ಲು, ಎಡ ಮೂಲೆಯಲ್ಲೊಂದು, ಬಲ ಮೂಲೆಯಲ್ಲೊಂದು. ನಡೆ ಮಾತ್ರ ಒಂದೇ.

ಎಡಗಡೆಯ ಕೆಂಪು ಮಣಿಗಳು ಅಲ್ಲಾಡಿದವು.

ಅಜ್ಜಾರು ಆಕೆಯ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಹೋತು ಬಿಡವಾ. ಆ ಕೆಂಪರ ತಗಿ. ಒಂದು ಕಲ್ಲರ ಒಡದು ಮುಗಸು.”

ಬಾಳವ್ವ ತಿರುಗಿ ಅಜ್ಜಾರ ಮುಖ ನೋಡಲಿಲ್ಲ.

“ಸ್ವಲ್ಪ ತಡೀರಿ.”

ಅಜ್ಜಾರಿಗೆ ತಡೀರಿ ಅಂದವರನ್ನು ನಾನು ಅದೇ ಮೊದಲು ಕಂಡದ್ದು.

ಆಕೆ ನಡುವಿನಲ್ಲಿದ್ದ ಒಂದು ನೀಲಿ ಮಣಿಯನ್ನು ಸರಿಸಿದಳು. ತಳದ ಮೂರು ನೀಲಿ ಮಾಯವಾದವು. ಕಲ್ಲು ಎರಡೂ ಹಾಗೇ ಇದ್ದವು. ನಾನು ಹಾಸಿಗೆಗೆ ಕೈ ಹಾಕಿದೆ.

ಅಷ್ಟರಲ್ಲಿ ಮೇಲಿನ ಮಣಿಗಳು ಇಳಿದವು. ಎಡಕ್ಕೆ ಮೂರು ಹಸಿರು ಸಾಲಾಗಿ ಮೂಲೆಯ ಕಲ್ಲು ಒಡೆಯಿತು. ಅದರಿಂದ ಇನ್ನಷ್ಟು ಇಳಿದು ಬಲಕ್ಕೆ ಮೂರು ಹಳದಿ ಸಾಲಾದವು. ಆ ಕಲ್ಲೂ ಒಡೆಯಿತು.

ಬಾಳವ್ವ ಮೊಬೈಲನ್ನು ಅಜ್ಜಾರ ಕೈಗಿಟ್ಟಳು. “ನಿಮ್ಮ ಮಾತು ಮೀರಿದೆ, ಅಜ್ಜಾರ.”

ಅಜ್ಜಾರು ತಮ್ಮ ಶಾಲು ತೆಗೆದು ಆಕೆಗೆ ಹೊದಿಸಿದರು. ಹೊಳೆಯಾಚೆಯವರ ಕಡೆ ತಿರುಗಿ ಗಟ್ಟಿ ದನಿಯಲ್ಲಿ ಹೇಳಿದರು: “ನೋಡಿಕೋರಿ. ಈಕಿ ನನ್ನ ಶಿಷ್ಯೆ.”

ನಮ್ಮ ಕಣ್ಣೆಲ್ಲ ತುಂಬಿ ಬಂದವು. ಹರಗೋಲು ಆಕೆಯನ್ನು ಹತ್ತಿಸಿಕೊಂಡು ನಿಧಾನವಾಗಿ ದಂಡೆ ಬಿಟ್ಟಿತು.

ನನಗೊಂದು ಕೇಳಲೇಬೇಕಿತ್ತು. ನಮ್ಮ ಅಜ್ಜಾರ ಲೆಕ್ಕ ತಪ್ಪಲು ಸಾಧ್ಯವೇ?

“ಬೇಕಂತ ತಪ್ಪು ಹೇಳಿದ್ರಿ ಅಲ್ಲ, ಅಜ್ಜಾರ? ಆಕಿನ್ನ ಪರೀಕ್ಷಾ ಮಾಡಾಕ?”

ಅಜ್ಜಾರು ಹರಗೋಲಿನಿಂದ ಕಣ್ಣು ತೆಗೆಯಲಿಲ್ಲ. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ.

“ಇಲ್ಲೋ ರಾಚಯ್ಯ. ನನಗ ಕಂಡಿದ್ದು ಅಷ್ಟ.”