ಕಂಬಳಿಯಲ್ಲಿ ಬಂದ ಮೊಟ್ಟೆ

“ಗುರುಗಳೇ, ತಿಳಿದವರು ಪ್ರಾಣಿಪಕ್ಷಿಗಳ ಪಟ್ಟಿ ಮಾಡುತ್ತಾರೆ. ಇದಕ್ಕೆ ಭಯವಿಲ್ಲ, ಇದು ಅಪಾಯದಲ್ಲಿದೆ, ಇದು ಅಳಿವಿನ ಅಂಚಿನಲ್ಲಿದೆ, ಇದು ಅಳಿದೇ ಹೋಯಿತು ಎಂದು ವಿಂಗಡಿಸುತ್ತಾರೆ. ಪಟ್ಟಿಯಲ್ಲಿ ತಪ್ಪಿಲ್ಲದಿದ್ದರೆ ಜೀವ ಉಳಿಯುತ್ತದೆ, ಅಲ್ಲವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

“ದಾಸೋಹದ ಸೌಟುಗಳಿಗೂ ಪಟ್ಟಿ ಬರೆದಿಟ್ಟವನು ನೀನು. ಇನ್ನೇನು ಕೇಳುತ್ತೀಯೆ! ಕೂತುಕೋ,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ದೊರೆಯ ರಾಜ್ಯದಲ್ಲಿ ಇಂಥದೇ ಪಟ್ಟಿಯಿತ್ತು. ಅದನ್ನು ಬರೆಯುತ್ತಿದ್ದ ಕರಣಿಕ ಪ್ರಾಮಾಣಿಕ. ಖಚಿತವಿಲ್ಲದೆ ಒಂದಕ್ಷರ ಬರೆದವನಲ್ಲ. ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದ ಜೀವಿಯನ್ನು ‘ಅಳಿದಿದೆ’ ಎಂದು ಬರೆಯಬೇಕು, ಅದಕ್ಕೆ ಮೀಸಲಿಟ್ಟ ನೆಲವನ್ನು ಉಳುಮೆಗೆ ಬಿಡಬೇಕು. ಇದು ಅಲ್ಲಿನ ಕಟ್ಟಳೆ. ಹುಲ್ಲುಗಾವಲಿನ ದೊಡ್ಡ ಹಕ್ಕಿ ಎರೆಭೂತಕ್ಕೆ ಆ ಗಡುವು ಮುಗಿಯಲು ನಾಲ್ಕೇ ದಿನ ಉಳಿದಿತ್ತು.

ಆ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುವ ಒಬ್ಬ ಕುರುಬ ಕರಣಿಕನ ಬಳಿ ಬಂದ. ಅವನ ಕೈಯಲ್ಲಿ ಒಂದು ಪುಕ್ಕವಿತ್ತು.

“ಹಕ್ಕಿ ಐತ್ರಿ ಧಣ್ಯಾರ. ಗಂಡು ಮೊನ್ನೆ ನಾಯಿ ಬಾಯಿಗೆ ಸಿಕ್ಕು ಸತ್ತತಿ. ಹೆಣ್ಣು ಒಂದ ಮೊಟ್ಟಿ ಇಟ್ಟು ಕಾವು ಕುಂತೈತಿ. ನೀವ ಬಂದು ನೋಡ್ರಿ.”

“ಕಚೇರಿ ಬಿಟ್ಟು ಬರಾಕ ನನಗ ಅಪ್ಪಣೆ ಇಲ್ಲೋ ತಮ್ಮಾ. ಪುಕ್ಕ ಸತ್ತ ಹಕ್ಕೀದೂ ಇರತೈತಿ. ಹಕ್ಕಿ ಇವತ್ತಿಗೂ ಐತಿ ಅನ್ನೂದಕ್ಕ ಏನರ ತಂದು ತೋರಸು, ಈಗಿಂದೀಗ ಬರೀತೀನಿ,” ಎಂದ ಕರಣಿಕ.

ಆ ಗೂಡು ಬರಿ ನೆಲದ ಮೇಲಿತ್ತು. ಕುರಿಗಳು ತುಳಿಯದಿರಲೆಂದು ಕುರುಬ ದಿನವೂ ಮಂದೆಯನ್ನು ಸುತ್ತು ಹಾದಿಯಲ್ಲಿ ಹೊಡೆಯುತ್ತಿದ್ದ. ಆ ಮರಿ ಹೊರಬರಲೆಂದು ಅವನಷ್ಟು ಹಂಬಲಿಸಿದವರು ರಾಜ್ಯದಲ್ಲಿ ಇನ್ನೊಬ್ಬರಿರಲಿಲ್ಲ. ಅಂಥವನೇ ಹೋಗಿ ಮೊಟ್ಟೆಯನ್ನು ಎತ್ತಿದ. ಕಂಬಳಿಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಇಡೀ ಹಗಲು ನಡೆದ. ಪಾಪ, ಅವನಿಗೆ ಹೊಳೆದ ದಾರಿ ಅದೊಂದೇ.

ಮೊಟ್ಟೆ ಕಂಡು ಕರಣಿಕ ಎದ್ದು ನಿಂತ. ಅದನ್ನು ಕಣ್ಣಿಗೊತ್ತಿಕೊಂಡ. ಎರೆಭೂತ ‘ಅಳಿವಿನ ಅಂಚಿನಲ್ಲಿದೆ’ ಎಂದು ದುಂಡಗೆ ಬರೆದ. ಹೊರಟಿದ್ದ ನೇಗಿಲುಗಳನ್ನು ತಡೆಯಲು ಆಳು ಓಡಿದ.

ಮರುದಿನ ಕುರುಬ ಮೊಟ್ಟೆಯನ್ನು ಮೊದಲಿದ್ದಲ್ಲೇ ಇಟ್ಟ. ಅದು ತಣ್ಣಗಾಗಿತ್ತು. ಹಕ್ಕಿ ಎರಡು ದಿನ ಅಲ್ಲೇ ಸುತ್ತಮುತ್ತ ತಿರುಗಿತು, ಮೊಟ್ಟೆಯ ಮೇಲೆ ಕೂರಲಿಲ್ಲ. ಮೂರನೆಯ ದಿನದಿಂದ ಅದನ್ನು ಯಾರೂ ಕಾಣಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದವನಂತೆ ಕುರುಬ ಅತ್ತ.

ನೆಲವೇನೋ ಉಳಿಯಿತು. ಕಟ್ಟಳೆಯ ಪ್ರಕಾರ ಎರೆಭೂತ ಇನ್ನೂ ಹನ್ನೆರಡು ವರ್ಷ ಪಟ್ಟಿಯಲ್ಲಿ ಬದುಕಿತ್ತು.

ಮರುಳಯ್ಯನಿಗೆ ಸಿಟ್ಟು ಬಂತು. “ಕೊಂದವನು ಆ ಕರಣಿಕ. ಕುರುಬನ ಮಾತು ನಂಬಿದ್ದರೆ ಅವನ ಗಂಟೇನು ಹೋಗುತ್ತಿತ್ತು?” ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: “ಆ ದಿನ ಲೇಖನಿ ನಿನ್ನ ಕೈಯಲ್ಲಿದ್ದಿದ್ದರೆ, ಬರಿ ಮಾತು ನಂಬಿ ನೀನು ಬರೆಯುತ್ತಿದ್ದೆಯಾ?”