ಮಂಗಟ್ಟೆಯನ್ನು ಉಳಿಸಲು ಬಂದ ಧ್ವನಿವರ್ಧಕ

ಮಂಗಟ್ಟೆ ಹಕ್ಕಿಗಳಲ್ಲಿ ಬಾಣಂತನವೆಂದರೆ ಸೆರೆವಾಸ. ಹೆಣ್ಣು ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಒಳಗೇ ಕಾವು ಕೂರುತ್ತದೆ. ಮಣ್ಣಿನ ನಡುವೆ ಬಿಟ್ಟ ಸಣ್ಣ ಬಿರುಕಿನಲ್ಲಿ ಗಂಡು ತುರುಕುವ ಅತ್ತಿಹಣ್ಣೇ ಊಟ. ಹಾಗೆ ಹಸಿದು ಕೂತಿದ್ದ ಒಂದು ಮಂಗಟ್ಟೆಯ ಮರದ ಕೆಳಗೆ ಜೀಪೊಂದು ಬಂದು ನಿಂತಿತು. ಅದರ ನೆತ್ತಿಯ ಮೇಲಿದ್ದ ಧ್ವನಿವರ್ಧಕ, "ಮಂಗಟ್ಟೆಯನ್ನು ಉಳಿಸಿ!" ಎಂದು ಅಬ್ಬರಿಸಿತು. ಹಣ್ಣು ತಂದಿದ್ದ ಗಂಡು ಬೆಚ್ಚಿಬಿದ್ದು, ಹಣ್ಣನ್ನೂ ಉದುರಿಸಿ ಹಾರಿಹೋಯಿತು.

ಮಂಗಟ್ಟೆ ಬಿರುಕಿನಿಂದ ಕೊಕ್ಕು ಚಾಚಿತು. "ಸ್ವಾಮೀ, ಯಾರನ್ನು ಉಳಿಸಬೇಕಂತೆ?"

"ನಿನ್ನನ್ನೇ ತಾಯಿ! ಬೆಳಗಿನಿಂದ ಗಂಟಲು ಹರಿದುಕೊಳ್ಳುತ್ತಿದ್ದೇನೆ."

"ನೀವು ಹೀಗೇ ಉಳಿಸುತ್ತಿದ್ದರೆ ನಾನು ಹಸಿವಿನಿಂದ ಸಾಯುತ್ತೇನೆ. ಮರ ಕಡಿಯುವವರು ಊರಲ್ಲಿದ್ದಾರೆ. ಅಲ್ಲಿ ಹೋಗಿ ಕೂಗಬಾರದೇ?"

ಧ್ವನಿವರ್ಧಕ ಮೊದಲ ಸಲ ದನಿ ತಗ್ಗಿಸಿತು. "ಅಲ್ಲೇ ಶುರು ಮಾಡಿದ್ದೆ ತಾಯಿ. ಅವರ ಮಧ್ಯಾಹ್ನದ ನಿದ್ದೆ ಕೆಡುತ್ತದಂತೆ. ಕಾಡಿಗೆ ಹೋಗಿ ಕೂಗಿಕೋ ಎಂದು ಅಟ್ಟಿದರು."