ಬಳೆಗಾರ ತೆಗೆದ ನಕ್ಷತ್ರದ ಚಿತ್ರ

“ಗುರುಗಳೇ, ನೀವು ಕಂಡದ್ದು ನನಗೆ ಯಾವಾಗ ಕಾಣುತ್ತದೆ?”

ಶಿಷ್ಯ ಗುರುಶಾಂತ ಆ ದಿನ ಇದನ್ನು ಕೇಳಿದ್ದು ಮೂರನೆಯ ಸಲ. ಬೆಳಿಗ್ಗೆ ಹೂ ಕೊಯ್ಯುವಾಗ ಒಮ್ಮೆ ಕೇಳಿದ್ದ, ಊಟಕ್ಕೆ ಎಲೆ ಹಾಕುವಾಗ ಇನ್ನೊಮ್ಮೆ. ಗುರುಗಳು ಓದುತ್ತಿದ್ದ ಪುಸ್ತಕ ಮಡಿಸಿ ಪಕ್ಕಕ್ಕಿಟ್ಟರು. ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ಹೆಂಡತಿಗೆ ಹುಟ್ಟಿನಿಂದ ಇರುಳುಗುರುಡು. ಹಗಲಿನಲ್ಲಿ ಸೂಜಿಗೆ ದಾರ ಪೋಣಿಸುವಳು, ಕತ್ತಲಾದರೆ ಎದುರಿನ ಗೋಡೆಯೂ ಕಾಣದು. ನಲವತ್ತು ವರ್ಷವಾದರೂ ಅವಳು ಒಂದು ನಕ್ಷತ್ರವನ್ನೂ ನೋಡಿರಲಿಲ್ಲ.

ಹೊಸ ಫೋನುಗಳು ನಕ್ಷತ್ರಗಳ ಚಿತ್ರ ತೆಗೆಯುತ್ತವೆಂದು ಬಳೆಗಾರ ಸಂತೆಯಲ್ಲಿ ಕೇಳಿದ. ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗಾದೊಡನೆ ಮರಳಿಸುತ್ತೇನೆಂದು ಮಾತು ಕೊಟ್ಟು ಅಂಗಡಿಯವನೊಬ್ಬನಿಂದ ಅಂಥ ಫೋನು ತಂದ. ಸಂಜೆ ಹೆಂಡತಿಯ ಕೈ ಹಿಡಿದು ಊರಾಚೆಯ ಗುಡ್ಡ ಹತ್ತಿದ. ಬಂಡೆಯ ಮೇಲೆ ಬಳೆಯ ಗಂಟು ಇಟ್ಟು, ಫೋನನ್ನು ಆಕಾಶಕ್ಕೆ ಮುಖ ಮಾಡಿ ಗಂಟಿಗೆ ಒರಗಿಸಿದ. ನಾಲ್ಕು ನಿಮಿಷ ಅಲುಗಾಡದೆ ಇದ್ದರೆ ಚಿತ್ರ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಚಂದ್ರ ಹುಟ್ಟಿದರೆ ಆ ಬೆಳಕಿನಲ್ಲಿ ಸಣ್ಣ ನಕ್ಷತ್ರಗಳು ಬರುವುದಿಲ್ಲ ಎಂದೂ ಹೇಳಿದ್ದ.

ಹೆಂಡತಿಗೆ ತಡೆಯಲಾಗಲಿಲ್ಲ. “ಬಂತೇನ್ರೀ?” ಎಂದಳು.

“ತಡಿ, ನೋಡ್ತೀನಿ” ಎಂದು ಬಳೆಗಾರ ಫೋನು ಎತ್ತಿದ. ತೆರೆಯ ಮೇಲೆ ಬರೀ ಬಿಳಿ ಗೀರುಗಳು. ಮತ್ತೆ ಇಟ್ಟ. ಅವಳು ಮತ್ತೆ ಕೇಳಿದಳು. ಪಾಪ, ಇವನು ಮತ್ತೆ ಎತ್ತಿದ. ಅವಳ ದನಿಯಲ್ಲಿದ್ದ ಆಸೆ ಕೇಳಿದರೆ ಇವನ ಕೈ ಸುಮ್ಮನಿರುತ್ತಿರಲಿಲ್ಲ. ಹೀಗೆ ಐದು ಸಲ ಆಯಿತು. ಅಷ್ಟರಲ್ಲಿ ಚಂದ್ರ ಹುಟ್ಟುವ ಹೊತ್ತಾಗಿ ಮೂಡಣದ ಅಂಚು ಬೆಳ್ಳಗಾಗತೊಡಗಿತು. ಇನ್ನು ಉಳಿದದ್ದು ಒಂದೇ ಒಂದು ಸಲ.

ಆಗ ಅವನಿಗೆ ತನ್ನ ಕಸುಬು ನೆನಪಾಯಿತು. ಬಳೆ ತೊಡಿಸುವಾಗ ಹೆಂಗಸು ಕೈಯನ್ನೇ ನೋಡುತ್ತಿದ್ದರೆ ಕೈ ಬಿಗಿಯುತ್ತದೆ, ಬಳೆ ಒಡೆಯುತ್ತದೆ. ಅದಕ್ಕೇ ಬಳೆಗಾರ ತವರಿನ ಸುದ್ದಿ ತೆಗೆಯುತ್ತಾನೆ. ಅವಳು ಮಾತಿಗಿಳಿಯುತ್ತಾಳೆ, ಬಳೆ ಇಳಿಯುತ್ತದೆ.

ಅವನು ಫೋನು ಇಟ್ಟು ಕೇಳಿದ: “ಅಲ್ವೇ, ನಿಮ್ಮ ತವರಲ್ಲಿ ಎಮ್ಮೆ ಬಾವಿಗೆ ಬಿದ್ದಿತ್ತಲ್ಲ, ಹೆಂಗೆ ಎತ್ತಿದ್ರು?”

ಅವಳು ಶುರುಮಾಡಿದಳು. ಹಗ್ಗ ತಂದವರು ಯಾರು, ಜಗಳವಾಡಿದವರು ಯಾರು, ಒಬ್ಬರನ್ನೂ ಬಿಡಲಿಲ್ಲ. ಮೇಲೆ ಬಂದ ಎಮ್ಮೆ ಮೊದಲು ಮಾಡಿದ ಕೆಲಸ ಚಿಕ್ಕಪ್ಪನ ರುಮಾಲು ತಿಂದದ್ದು ಎನ್ನುವಾಗ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಫೋನು ತಾನಾಗಿಯೇ ಟಿಣ್ ಎಂದಿತು.

ಬಳೆಗಾರ ಅದನ್ನು ಅವಳ ಕೈಗೆ ಕೊಟ್ಟ. ತೆರೆಯ ತುಂಬ ನಕ್ಷತ್ರಗಳು. ನಡುವೆ ಆಕಾಶಗಂಗೆ ರಂಗೋಲಿಪುಡಿ ಚೆಲ್ಲಿದ ಹಾಗೆ ಹರಡಿತ್ತು.

“ಅಯ್ಯೋ ದೇವರೇ, ಇಷ್ಟೊಂದಾ! ಇವೆಲ್ಲ ದಿನಾ ಇರ್ತಾವೇನ್ರೀ?”

“ದಿನಾ ಇರ್ತಾವೆ ಕಣೇ.”

ಅವಳು ತಲೆಯೆತ್ತಿದಳು. ಕಣ್ಣಿಗೆ ಬರೀ ಕತ್ತಲೆಯೇ ಕಂಡಿತು. ಆದರೂ ಆ ಕತ್ತಲೆಗೆ ಕೈಮುಗಿದು ಸಂತೋಷದಿಂದ ಅತ್ತುಬಿಟ್ಟಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಪುಸ್ತಕ ತೆರೆದರು. ಗುರುಶಾಂತನ ಮುಖ ಅರಳಿತ್ತು. ಅವನು ಮುಂದೆ ಸರಿದು ಕುಳಿತ.

“ಎಂಥ ಕತೆ ಗುರುಗಳೇ! ಹಾಗಾದರೆ ನನಗೆ ಯಾವಾಗ ಕಾಣುತ್ತದೆ?”

ಗುರುಗಳು ಪುಸ್ತಕ ಮಡಿಸಿ ಪಕ್ಕಕ್ಕಿಟ್ಟು ಹೇಳಿದರು: “ನೋಡು, ಮತ್ತೆ ಫೋನು ಎತ್ತಿಸಿದೆ.”